ಕಲ್ಲಿನೊಳಗೆ ಕೂತು ಬಂದವರು

ಆಸ್ಟ್ರಿಯಾದ ಗ್ರಾಟ್ಸ್ ನಗರದ ಸುತ್ತಮುತ್ತ ಎಲ್ಲೂ ಕಡಲಿಲ್ಲ. ಆದರೂ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಡಲ ನೀರು ತುಂಬಿಸಿಟ್ಟ ಗಾಜಿನ ತೊಟ್ಟಿಗಳಿದ್ದವು. 1883ರಲ್ಲಿ ಫ್ರಾನ್ಸ್ ಐಲ್‌ಹಾರ್ಡ್ ಶುಲ್ಟ್ಸೆ ಎಂಬ ಪ್ರಾಧ್ಯಾಪಕರಿಗೆ ಅಂಥದೊಂದು ತೊಟ್ಟಿಯಲ್ಲಿ ಏನೋ ಹರಿದಾಡುವುದು ಕಾಣಿಸಿತು. ಒಂದೆರಡು ಮಿಲಿಮೀಟರ್ ಅಗಲ, ಹಿಡಿದರೆ ಹರಿದುಹೋಗುವಷ್ಟು ತೆಳು. ತಲೆಯಿಲ್ಲ, ಬಾಯಿಲ್ಲ, ಹೊಟ್ಟೆಯಿಲ್ಲ. ಮುಂದು ಹಿಂದು ಎಂಬುದೂ ಇಲ್ಲ, ಯಾವ ದಿಕ್ಕಿಗೆ ಬೇಕಾದರೂ ಅಂಚು ಚಾಚಿಕೊಂಡು ಸಾಗುತ್ತಿತ್ತು. ಅದನ್ನು ಯಾರೂ ಬೇಕೆಂದು ತಂದು ಬಿಟ್ಟಿರಲಿಲ್ಲ. ಬೇರೆ ಯಾವುದನ್ನೋ ತರುವಾಗ ಅದೂ ಜೊತೆಗೆ ಬಂದಿತ್ತು. ಶುಲ್ಟ್ಸೆ ಅದಕ್ಕೆ ಟ್ರೈಕೋಪ್ಲಾಕ್ಸ್ ಅಡ್ಹೇರೆನ್ಸ್ ಎಂದು ಹೆಸರಿಟ್ಟರು. ಆ ಹೆಸರಿಗೆ ಮುಂದೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಇವತ್ತು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಬೆಳೆಸುವವರಿಗೂ ಇದೇ ಅನುಭವ ಆಗುತ್ತಿರುತ್ತದೆ. ದುಡ್ಡು ಕೊಟ್ಟು ತಂದದ್ದು ಎರಡು ಕ್ಲೌನ್ ಮೀನು, ನಾಲ್ಕು ತುಂಡು ಹವಳ, ಒಂದಿಷ್ಟು ಕಲ್ಲು. ಕೆಲವು ವಾರ ಕಳೆದ ಮೇಲೆ ರಾತ್ರಿ ನೀರು ಕುಡಿಯಲು ಎದ್ದವರು ಟ್ಯಾಂಕಿನ ಮೇಲೆ ಟಾರ್ಚ್ ಹಾಯಿಸಿದರೆ ಬೇರೆಯದೇ ಸಂಸಾರ ಕಾಣಿಸುತ್ತದೆ. ಕಲ್ಲಿನ ತೂತಿನಿಂದ ಅರ್ಧ ಹೊರಬಂದ ಹುಳು ಬೆಳಕು ಬಿದ್ದದ್ದೇ ಸರಕ್ಕನೆ ಒಳಗೆ ಹೋಗುತ್ತದೆ. ಗಾಜಿನ ಮೇಲೆ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತವೆ. ಮರಳಿನ ಕೆಳಗಿನಿಂದ ಕೂದಲೆಳೆಯಂಥ ತೋಳುಗಳು ಮೇಲೆದ್ದು ತೂಗಾಡುತ್ತವೆ. ಈ ಹವ್ಯಾಸದವರು ಇವುಗಳನ್ನು ಹಿಚ್‌ಹೈಕರ್ ಎನ್ನುತ್ತಾರೆ. ಕಂಡವರ ಬಾಯಿಂದ ಬರುವ ಮೊದಲ ಮಾತು ‘ಇದೇನು?’ ಎಂದು. ಎರಡನೆಯದು ಬಹುತೇಕ ಯಾವಾಗಲೂ ‘ಇದನ್ನು ಕೊಲ್ಲುವುದು ಹೇಗೆ?’ ಎಂದು. ಈ ಎರಡು ಪ್ರಶ್ನೆಗಳ ನಡುವೆ ಇನ್ನೂ ಸ್ವಲ್ಪ ಸಮಯ ಇರಬೇಕು ಎಂಬುದೇ ಈ ಬರಹದ ವಾದ.

ಇವು ಬರುವ ದಾರಿ ಯಾವುದೆಂದರೆ ಮುಖ್ಯವಾಗಿ ಕಲ್ಲು. ಸತ್ತ ಹವಳದ ಅಸ್ಥಿಪಂಜರ ಅಲೆಯ ಹೊಡೆತಕ್ಕೆ ಮುರಿದು ಕಡಲ ತಳದಲ್ಲಿ ಬಿದ್ದಿರುತ್ತದೆ. ಅದರ ತುಂಬ ಸಣ್ಣ ಸಣ್ಣ ರಂಧ್ರ. ವರ್ಷಗಳು ಕಳೆದಂತೆ ಅದರ ಮೇಲೆ ಗುಲಾಬಿ ಬಣ್ಣದ ಸುಣ್ಣದ ಪಾಚಿ ಹತ್ತುತ್ತದೆ, ಒಳಗೆ ಸ್ಪಂಜು, ಹುಳು, ಏಡಿಮರಿ, ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಇದಕ್ಕೆ ವ್ಯಾಪಾರದ ಹೆಸರು ಲೈವ್ ರಾಕ್. ಫಿಜಿ, ಇಂಡೊನೇಷ್ಯಾಗಳಿಂದ ಇದು ದಶಕಗಳ ಕಾಲ ಜಗತ್ತಿಗೆಲ್ಲ ಸಾಗಾಟವಾಗಿದೆ. ಅದರಲ್ಲಿನ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡಿ, ಕಲ್ಲಿನ ಆಳದ ಆಮ್ಲಜನಕವಿಲ್ಲದ ಜಾಗದಲ್ಲಿ ಸಾರಜನಕದ ಅನಿಲವಾಗಿಸಿ ಬಿಡುತ್ತವೆ. ಯಂತ್ರದ ಫಿಲ್ಟರ್ ಮಾಡಬೇಕಾದ ಕೆಲಸವನ್ನು ಕಲ್ಲೇ ಮಾಡುತ್ತದೆ. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬವರು ಇಂಥ ಕಲ್ಲು ಮತ್ತು ಗಾಳಿಗುಳ್ಳೆ ಎರಡರಿಂದಲೇ ಹವಳ ಸಾಕಿ ತೋರಿಸಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದಾಗ ಓದಿದವರು ನಂಬಿರಲಿಲ್ಲ. ಇವತ್ತಿನ ರೀಫ್ ಟ್ಯಾಂಕ್‌ಗಳೆಲ್ಲ ಬಹುಮಟ್ಟಿಗೆ ಆ ಪದ್ಧತಿಯಿಂದ ಬಂದವು.

ಅದಕ್ಕೂ ಶತಮಾನ ಮೊದಲೇ ಲಂಡನ್ನಿನ ಆ್ಯನಾ ಥಿನ್ ಎಂಬ ಗೃಹಿಣಿ ಈ ದಾರಿಯಲ್ಲಿ ನಡೆದಿದ್ದರು. 1846ರಲ್ಲಿ ಟಾರ್ಕಿ ಕಡಲತೀರದಿಂದ ಕೆಲವು ಹವಳಜೀವಿಗಳನ್ನು ಜಾಡಿಯಲ್ಲಿಟ್ಟು ಮನೆಗೆ ತಂದರು. ನೀರಿಗೆ ಗಾಳಿ ಸೇರಲೆಂದು ಅದನ್ನು ದಿನವೂ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯಬೇಕಿತ್ತು. ಆ ದುಡಿಮೆ ಬಿದ್ದದ್ದು ಮನೆಗೆಲಸದ ಹೆಣ್ಣುಮಗಳ ಮೇಲೆ, ಆಕೆಯ ಹೆಸರು ಯಾವ ಚರಿತ್ರೆಯ ಪುಸ್ತಕದಲ್ಲೂ ದೊಡ್ಡದಾಗಿ ಬಂದಿಲ್ಲ. ಮರುವರ್ಷ ಪಾಚಿ ಹತ್ತಿದ ಕಲ್ಲುಗಳನ್ನು ತರಿಸಿ ಹಾಕಿದ ಮೇಲೆ ನೀರು ತಾನಾಗಿ ಹದದಲ್ಲಿ ನಿಂತಿತು. ಕಲ್ಲು ತಂದರೆ ಅದರ ಜೊತೆಗಿರುವ ಪ್ರಾಣಿಯೂ ಬರುತ್ತದೆ. ಒಂದು ಬೇಕು, ಇನ್ನೊಂದು ಬೇಡ ಎಂದರೆ ಆಗುವುದಿಲ್ಲ.

ಹುಳುವಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೆದರಿಕೆ ಶುರುವಾಗುವುದೂ ಅಲ್ಲಿಂದಲೇ.

ರೀಫ್ ಟ್ಯಾಂಕ್‌ನಲ್ಲಿ ಅತಿ ಹೆಚ್ಚು ಕಾಣುವುದು ಬ್ರಿಸಲ್ ವರ್ಮ್, ಅಂದರೆ ಬಿರುಗೂದಲಿನ ಹುಳು. ನಸುಗೆಂಪು ಮೈ, ಉದ್ದಕ್ಕೂ ಉಂಗುರ ಉಂಗುರವಾದ ಭಾಗಗಳು, ಪ್ರತಿ ಉಂಗುರದ ಎರಡೂ ಬದಿಗೆ ಬಿಳಿ ಕೂದಲ ಗೊಂಚಲು. ಯೂರಿಥೋ ಕಾಂಪ್ಲಾನಾಟಾ ಎಂಬ ಜಾತಿಯ ಹೆಸರನ್ನು ಇದಕ್ಕೆ ಸಾಮಾನ್ಯವಾಗಿ ಅಂಟಿಸುತ್ತಾರೆ. ಸತ್ತ ಮೀನಿನ ಮೈಮೇಲೆ ಇದು ಮುತ್ತಿಕೊಂಡಿರುವುದನ್ನು ಬೆಳಗ್ಗೆ ನೋಡಿದವರು ಮೀನನ್ನು ಕೊಂದದ್ದೂ ಇದೇ ಎಂದು ತೀರ್ಮಾನಿಸಿಬಿಡುತ್ತಾರೆ. ಇದು ಪೂರಾ ಅನ್ಯಾಯ. ಈ ಹುಳು ಸತ್ತದ್ದನ್ನು, ಉಳಿದ ಆಹಾರವನ್ನು, ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿರುವುದನ್ನು ತಿನ್ನುತ್ತದೆ. ನಮ್ಮ ಕೈ ಹೋಗದ ಕಡೆ ಹೋಗಿ ತೊಳೆಯುವ ಕೆಲಸ ಇದರದು. ಇದರ ಸಂಖ್ಯೆ ವಿಪರೀತ ಏರಿದ್ದರೆ ತಪ್ಪು ಹುಳುವಿನದಲ್ಲ, ಮೀನಿಗೆ ಹಾಕುವ ತಿಂಡಿ ಹೆಚ್ಚಾಗಿದೆ ಎಂದು ಅರ್ಥ. ಬರಿಗೈಯಲ್ಲಿ ಮುಟ್ಟಬಾರದು, ಅಷ್ಟೇ. ಆ ಕೂದಲುಗಳು ಪಾಪಸುಕಳ್ಳಿಯ ಸಣ್ಣ ಮುಳ್ಳಿನ ಹಾಗೆ ಚರ್ಮದೊಳಗೆ ಮುರಿದು ಕೂತು ಉರಿಸುತ್ತವೆ. ಅಂಟುಟೇಪು ಒತ್ತಿ ಎಳೆದರೆ ಬಹಳಷ್ಟು ಬರುತ್ತವೆ.

ಇದೇ ಕುಟುಂಬದಲ್ಲಿ ನಿಜವಾದ ದುಷ್ಟನೊಬ್ಬನಿದ್ದಾನೆ. ಅಟ್ಲಾಂಟಿಕ್, ಕೆರಿಬಿಯನ್, ಮೆಡಿಟರೇನಿಯನ್ ಕಡಲುಗಳ ಹರ್ಮೊಡಿಸ್ ಕರಂಕ್ಯುಲಾಟಾ ಎಂಬ ಬೆಂಕಿಹುಳು ಜೀವಂತ ಹವಳದ ತುದಿಯನ್ನೇ ಬಾಯೊಳಗೆ ತೆಗೆದುಕೊಂಡು ಮಾಂಸವನ್ನು ಹೀರಿ ತಿನ್ನುತ್ತದೆ. ಇದು ಗಾತ್ರದಲ್ಲಿ ದೊಡ್ಡದು, ಕೂದಲು ದಟ್ಟ, ತಲೆಯ ಮೇಲೆ ಮಡಿಕೆ ಮಡಿಕೆಯಾದ ದೊಡ್ಡ ಮಾಂಸದ ಜುಟ್ಟು. ಇಂಡೊನೇಷ್ಯಾದ ಕಲ್ಲಿನಲ್ಲಿ ಇದು ಬರುವ ಸಂಭವವಿಲ್ಲವೆಂದೇ ಹೇಳಬಹುದು. ಯಾವ ಕಡಲಿನಿಂದ ಕಲ್ಲು ಬಂತು ಎಂದು ಮಾರುವವರನ್ನು ಕೇಳಿ ತಿಳಿದುಕೊಂಡರೆ ಅರ್ಧ ಗುರುತು ಅಲ್ಲೇ ಸಿಕ್ಕಿತು.

ಇನ್ನು ಎಲ್ಲರ ನಿದ್ದೆಗೆಡಿಸುವ ಬಾಬಿಟ್ ಹುಳುವಿನ ಮಾತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ನ್ಯೂಕ್ವೇ ಊರಿನಲ್ಲಿ ಬ್ಲೂ ರೀಫ್ ಎಂಬ ಸಾರ್ವಜನಿಕ ಅಕ್ವೇರಿಯಂ ಇದೆ. ಅಲ್ಲಿನ ಹವಳದ ತೊಟ್ಟಿಯಲ್ಲಿ ಮೀನುಗಳಿಗೆ ಗಾಯವಾಗುತ್ತಿತ್ತು, ಹವಳಗಳು ಅರ್ಧಕ್ಕೆ ತುಂಡಾಗಿರುತ್ತಿದ್ದವು. ಸಿಬ್ಬಂದಿ ಬಲೆ ಒಡ್ಡಿದರು, ಗಾಳಕ್ಕೆ ಮಾಂಸ ಸಿಕ್ಕಿಸಿ ಇಟ್ಟರು. ಮಾಂಸದ ಜೊತೆ ಗಾಳವೂ ಮಾಯವಾಯಿತು. ಕೊನೆಗೆ 2009ರಲ್ಲಿ ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಾಗ ಸುಮಾರು ನಾಲ್ಕಡಿ ಉದ್ದದ ಹುಳು ಹೊರಬಿತ್ತು. ಅದಕ್ಕೆ ಬ್ಯಾರಿ ಎಂದು ಹೆಸರಿಟ್ಟು ಪ್ರತ್ಯೇಕ ತೊಟ್ಟಿ ಕೊಟ್ಟರು. ಮರಿಯಾಗಿದ್ದಾಗ ಯಾವುದೋ ಹವಳದ ಜೊತೆ ಬಂದು ವರ್ಷಗಟ್ಟಲೆ ಅಲ್ಲೇ ಬೆಳೆದಿತ್ತು ಎಂಬುದು ಅವರ ಊಹೆ. ಅದೇ ವರ್ಷ ಜಪಾನಿನ ಶಿರಹಾಮಾ ಬಳಿಯ ಸೆಟೊ ಬಂದರಿನಲ್ಲಿ ತೆಪ್ಪವೊಂದರ ತೇಲುಬುರುಡೆಯ ಒಳಗೆ ಇದೇ ಬಳಗದ ಯೂನಿಸ್ ಅಫ್ರೊಡಿಟಾಯ್ಸ್ ಸಿಕ್ಕಿತು. ಅಳೆದರೆ 299 ಸೆಂಟಿಮೀಟರ್, ಉಂಗುರಗಳು 673. ತೈವಾನಿನ ಬಂಡೆಗಳಲ್ಲಿ ಎರಡು ಕೋಟಿ ವರ್ಷ ಹಳೆಯ ಉದ್ದನೆಯ ಬಿಲಗಳು ಸಿಕ್ಕಿದ್ದು, ಇಂಥ ಹುಳುಗಳೇ ಅವನ್ನು ಕೊರೆದಿರಬೇಕೆಂದು 2021ರಲ್ಲಿ ಸಂಶೋಧಕರು ಬರೆದರು. ಮರಳಿನಲ್ಲಿ ಹೂತುಕೊಂಡು ತಲೆಯಷ್ಟೇ ಹೊರಗಿಟ್ಟು ಮೀನಿಗೆ ಹೊಂಚು ಹಾಕುವ ಕಸುಬು ಅಷ್ಟು ಹಳೆಯದು.

ಈ ಸುದ್ದಿ ಓದಿದವರಿಗೆಲ್ಲ ತಮ್ಮ ಟ್ಯಾಂಕಿನ ಪ್ರತಿ ಹುಳುವೂ ಬ್ಯಾರಿಯ ಹಾಗೆ ಕಾಣಿಸತೊಡಗುತ್ತದೆ. ಆದರೆ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ತಲೆ ನೋಡಿ. ಯೂನಿಸ್ ಬಳಗದ ತಲೆಯ ಮೇಲೆ ಐದು ಮೀಸೆಗಳು ಎದ್ದು ಕಾಣುತ್ತವೆ, ಬೆಳಕು ಬಿದ್ದರೆ ಮೈ ನವಿಲುಬಣ್ಣಕ್ಕೆ ಮಿನುಗುತ್ತದೆ, ತಲೆಯ ಹಿಂದೆ ಹಲವು ಸಲ ಒಂದು ಬಿಳಿ ಪಟ್ಟಿ ಇರುತ್ತದೆ. ಬ್ರಿಸಲ್ ವರ್ಮ್‌ಗೆ ಇಂಥ ಐದು ಮೀಸೆ ಇಲ್ಲ, ಬದಿಯ ಬಿಳಿ ಕೂದಲೇ ಅದರ ಗುರುತು. ಯೂನಿಸ್ ಎಂದು ಖಚಿತವಾದರೂ ಗಾಬರಿ ಬೇಡ. ಆ ಬಳಗದಲ್ಲಿ ಪಾಚಿ, ಕೊಳೆ ತಿಂದು ಬದುಕುವ ಸಣ್ಣ ಜಾತಿಗಳೇ ಬೇಕಾದಷ್ಟಿವೆ. ಗೇಣುದ್ದ ಮೀರಿ ಬೆಳೆಯುತ್ತಿದೆ, ಹವಳ ಕತ್ತರಿಸಿದಂತಿದೆ ಎಂದಾಗ ಅದು ಕೂತಿರುವ ಕಲ್ಲನ್ನು ಹಾಗೆಯೇ ಎತ್ತಿ ಬೇರೆ ಬಕೆಟ್ಟಿಗೆ ಹಾಕುವುದು ಒಳ್ಳೆಯ ಉಪಾಯ. ಎಳೆದು ಕೀಳಲು ಹೋದರೆ ಹುಳು ತುಂಡಾಗುತ್ತದೆ, ಕೆಲವು ಜಾತಿಗಳಲ್ಲಿ ಕಳೆದುಹೋದ ಭಾಗ ಮತ್ತೆ ಬೆಳೆಯುತ್ತದೆ.

ಕಡಲ ಹುಳುಗಳಿಗೂ ನಮ್ಮ ಭತ್ತದ ಗದ್ದೆಗೂ ಒಂದು ನಂಟಿದೆ, ಹೇಳದೆ ಮುಂದೆ ಹೋಗಲಾರೆ. ಜಪಾನಿನಲ್ಲಿ ಗಾಳಕ್ಕೆ ಬಳಸುವ ಒಂದು ಜಾತಿಯ ಹುಳು ಸತ್ತು ಬಿದ್ದಲ್ಲಿ ಕೂತ ನೊಣಗಳು ಸಾಯುತ್ತಿದ್ದವು. ಆ ಹುಳುವಿನ ವಿಷವನ್ನು ನಿಟ್ಟಾ ಎಂಬ ವಿಜ್ಞಾನಿ 1934ರಲ್ಲಿ ಬೇರ್ಪಡಿಸಿದರು, ಅದಕ್ಕೆ ನೆರಿಸ್‌ಟಾಕ್ಸಿನ್ ಎಂದು ಹೆಸರಾಯಿತು. ಅದರ ಮಾದರಿಯಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಕೀಟನಾಶಕ 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಹೆಸರು ಕಾರ್ಟಾಪ್. ಕಾಂಡ ಕೊರೆಯುವ ಹುಳುವಿಗೆ, ಎಲೆ ಸುರುಳಿ ಹುಳುವಿಗೆ ನಮ್ಮ ರೈತರು ಗದ್ದೆಗೆ ಎರಚುವ ಕಾರ್ಟಾಪ್ ಹರಳು ಇದೇ. ಕಡಲ ಹುಳುವೊಂದನ್ನು ಯಾರೋ ಗಮನಿಸಿ ನೋಡಿದ್ದರಿಂದ ಬಂದ ಪದಾರ್ಥ ಅದು.

ರಾತ್ರಿ ಟ್ಯಾಂಕಿನಿಂದ ‘ಟಕ್’ ಎಂದು ಸದ್ದು ಬಂದರೆ ಗಾಜು ಬಿರುಕು ಬಿಟ್ಟಿತೇನೋ ಎಂದು ಓಡಿಬರುವವರಿದ್ದಾರೆ. ಆ ಸದ್ದಿಗೆ ಕಾರಣರಾಗಬಲ್ಲವರು ಇಬ್ಬರು. ಒಂದು ಪಿಸ್ತೂಲು ಸಿಗಡಿ, ಅದಕ್ಕೆ ಒಂದು ಕೊಂಡಿ ಮೈಗೆ ಹೋಲಿಸಿದರೆ ಬಹಳ ದೊಡ್ಡದು. ಕೊಂಡಿ ಮುಚ್ಚಿದಾಗ ನೀರಿನಲ್ಲಿ ಒಂದು ಗುಳ್ಳೆ ಹುಟ್ಟುತ್ತದೆ, ಆ ಗುಳ್ಳೆ ಕುಸಿದಾಗ ಆಗುವುದೇ ಈ ಸದ್ದು, ಕೊಂಡಿಯ ಎರಡು ಭಾಗ ತಾಗಿದ ಸದ್ದಲ್ಲ ಎಂದು 2000ನೇ ಇಸವಿಯಲ್ಲಿ ವೇಗದ ಕ್ಯಾಮೆರಾ ಹಿಡಿದು ತೋರಿಸಲಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಯ ಸದ್ದಿಗೆ ಕಿವಿಗೊಟ್ಟು ಕೂತಿದ್ದ ನೌಕಾಪಡೆಯವರಿಗೆ ಈ ಸಿಗಡಿಗಳ ಗದ್ದಲ ದೊಡ್ಡ ಅಡಚಣೆಯಾಗಿತ್ತು. ಟ್ಯಾಂಕಿನಲ್ಲಿ ಇದು ಇದ್ದರೆ ಇರಲಿ. ಗೋಬಿ ಮೀನಿನ ಜೊತೆ ಒಂದೇ ಬಿಲದಲ್ಲಿ ಸಂಸಾರ ಮಾಡುವ ಜಾತಿಗಳೂ ಇದರಲ್ಲಿವೆ, ಮೀನು ಕಾವಲು ಕಾಯುತ್ತದೆ, ಸಿಗಡಿ ಬಿಲ ತೋಡುತ್ತದೆ. ಅದನ್ನು ನೋಡುವುದೇ ಒಂದು ಸೊಗಸು.

ಎರಡನೆಯದು ಮ್ಯಾಂಟಿಸ್ ಸಿಗಡಿ, ಅಸಲಿಗೆ ಸಿಗಡಿಯೇ ಅಲ್ಲದ ಪ್ರತ್ಯೇಕ ಗಣ. ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಯವರಿಗೆ ಇದರ ಒಂದು ಬಗೆ ಚೆನ್ನಾಗಿ ಗೊತ್ತು. ಒರಟೋಸ್ಕ್ವಿಲ್ಲಾ ನೇಪಾ ಎಂಬ ಜಾತಿ ಸಿಗಡಿಯ ಬಲೆಗೆ ರಾಶಿಗಟ್ಟಲೆ ಬೀಳುತ್ತದೆ, ತಿನ್ನುವವರು ಕಡಿಮೆಯಾದ್ದರಿಂದ ಮೀನುಪುಡಿಗೋ ಗೊಬ್ಬರಕ್ಕೋ ಹೋಗುತ್ತದೆ. ಅದು ಕೆಸರಿನಲ್ಲಿ ಬದುಕುವ, ಮುಳ್ಳಿನ ಕೈಯಿಂದ ಚುಚ್ಚಿ ಹಿಡಿಯುವ ಬಗೆ. ಹವಳದ ಕಲ್ಲಿನಲ್ಲಿ ಬರುವವು ಹೆಚ್ಚಾಗಿ ಗುದ್ದುವ ಬಗೆಯವು. ಶೀಲಾ ಪಾಟೆಕ್ ಮತ್ತು ಸಂಗಡಿಗರು 2004ರಲ್ಲಿ ಅಳೆದಾಗ ನವಿಲು ಮ್ಯಾಂಟಿಸ್‌ನ ಗುದ್ದು ಸೆಕೆಂಡಿಗೆ 23 ಮೀಟರ್ ವೇಗದವರೆಗೆ ಹೋಗುತ್ತಿತ್ತು. ಶಂಖದ ಚಿಪ್ಪು ಪುಡಿಯಾಗಲು ಅಷ್ಟು ಸಾಕು. ಇದರ ಕಣ್ಣು ಕಡ್ಡಿಯ ಮೇಲೆ ಕೂತಿರುತ್ತದೆ, ಎರಡೂ ಕಣ್ಣು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ಬಣ್ಣ ಗ್ರಹಿಸುವ ಕೋಶಗಳೇ ಹನ್ನೆರಡು ಬಗೆ. ಇಷ್ಟಿದ್ದರೂ ಬಣ್ಣಗಳ ಸೂಕ್ಷ್ಮ ಭೇದ ಹಿಡಿಯುವುದರಲ್ಲಿ ಅದು ಮನುಷ್ಯನಿಗಿಂತ ಹಿಂದೆ ಎಂದು 2014ರ ಪ್ರಯೋಗವೊಂದು ತೋರಿಸಿತು.

ಏಡಿ, ಬಸವನಹುಳು, ಚಿಕ್ಕ ಮೀನು ಒಂದೊಂದಾಗಿ ಕಾಣೆಯಾಗುತ್ತಿದ್ದು, ಕಲ್ಲಿನ ಬಾಗಿಲಲ್ಲಿ ಒಡೆದ ಚಿಪ್ಪು ಬಿದ್ದಿದ್ದರೆ ಅನುಮಾನ ಇದರ ಮೇಲೆಯೇ. ಸದ್ದು ಕೇಳಿ ಮಾತ್ರ ತೀರ್ಮಾನಿಸಬೇಡಿ, ಕಣ್ಣನ್ನು ಕಾಣುವವರೆಗೆ ಕಾಯಿರಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದರೆ ಬಹಳಷ್ಟು ನಿಶಾಚರಿಗಳು ಓಡಿಹೋಗುವುದಿಲ್ಲ. ಸಿಕ್ಕ ಮೇಲೂ ಕೊಲ್ಲಬೇಕಾಗಿಲ್ಲ. ಒಂದು ಚಿಕ್ಕ ಟ್ಯಾಂಕ್, ಎರಡು ಕಲ್ಲು ಕೊಟ್ಟರೆ ಅದು ವರ್ಷಗಟ್ಟಲೆ ಬದುಕುತ್ತದೆ. ನನ್ನನ್ನು ಕೇಳಿದರೆ ಅಂಗಡಿಯಲ್ಲಿ ಸಿಗುವ ಮುಕ್ಕಾಲು ಮೀನುಗಳಿಗಿಂತ ಬುದ್ಧಿವಂತ ಪ್ರಾಣಿ ಅದು.

ಚಿಕ್ಕಪುಟ್ಟವರನ್ನು ಬೇಗ ದಾಟಿಬಿಡೋಣ. ಗಾಜಿನ ಮೇಲೆ ಕುಪ್ಪಳಿಸುವ ಬಿಳಿ ಚುಕ್ಕೆ ಕೋಪೆಪಾಡ್, ಮ್ಯಾಂಡರಿನ್ ಮೀನಿನ ಊಟವೇ ಅದು. ಪಂಪಿನ ಮೇಲೆ ಅಂಟಿರುವ ಬಿಳಿ ಸುರುಳಿ ಸ್ಪೈರಾರ್ಬಿಡ್ ಹುಳುವಿನ ಮನೆ, ಯಾರಿಗೂ ತೊಂದರೆಯಿಲ್ಲ. ಮರಳಿನಿಂದ ತೋಳು ಚಾಚುವುದು ಚಿಕ್ಕ ಬ್ರಿಟಲ್ ಸ್ಟಾರ್, ಮಹಾ ಸಂಭಾವಿತ. ತೋಳುಗಳು ಒಂದೊಂದು ಅಳತೆಯಲ್ಲಿರುವ ಬಟನ್ ಗಾತ್ರದ ಆಸ್ಟರೀನಾ ನಕ್ಷತ್ರಮೀನು ಮೈಯನ್ನು ಸೀಳಿಕೊಂಡೇ ಎರಡಾಗುತ್ತದೆ, ಬಹುಪಾಲು ಪಾಚಿ ನೆಕ್ಕಿಕೊಂಡಿರುತ್ತದೆ. ಕಲ್ಲಿಗೆ ಚಪ್ಪಟೆಯಾಗಿ ಅಂಟಿ, ಬೆನ್ನಿನ ಮೇಲೆ ಎಂಟು ಚಿಪ್ಪಿನ ಪಟ್ಟಿ ಹೊತ್ತ ಕೈಟನ್ ಮಾತ್ರ ಒಂದು ಮಾತಿಗೆ ಯೋಗ್ಯ. ಅದರ ಹಲ್ಲಿನಲ್ಲಿರುವುದು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತದ ಕಬ್ಬಿಣದ ಖನಿಜ. ಅದನ್ನು ಪ್ರಾಣಿಯ ದೇಹವೇ ತಯಾರಿಸುತ್ತದೆ ಎಂದು ಹೈನ್ಸ್ ಲೋವೆನ್‌ಸ್ಟಾಮ್ 1962ರಲ್ಲಿ ಕಂಡುಹಿಡಿದರು. ಅಂಥ ಹಲ್ಲಿನಿಂದ ಅದು ಪಾಚಿಯ ಜೊತೆಗೆ ಕಲ್ಲನ್ನೂ ಕೆರೆಯುತ್ತದೆ.

ಎಲ್ಲರೂ ಒಕ್ಕೊರಲಿನಿಂದ ಶಪಿಸುವ ಹಿಚ್‌ಹೈಕರ್ ಎಂದರೆ ಏಪ್ಟೇಸಿಯಾ, ಗಾಜಿನಂತೆ ಪಾರಕವಾದ ಕಂದು ಬಣ್ಣದ ಪುಟ್ಟ ಕಡಲಹೂ. ಕಿತ್ತರೆ ಪಾದದ ಒಂದು ಚೂರು ಕಲ್ಲಿಗೆ ಉಳಿಯುತ್ತದೆ, ಆ ಚೂರೇ ಮತ್ತೊಂದು ಪ್ರಾಣಿಯಾಗುತ್ತದೆ. ಪಕ್ಕದ ಹವಳವನ್ನು ಕುಟುಕಿ ಹಿಂದೆ ಸರಿಸುತ್ತದೆ. ಸುಣ್ಣದ ಗಟ್ಟಿ ಪೇಸ್ಟ್ ಹಚ್ಚಿ ಮುಚ್ಚುವವರಿದ್ದಾರೆ. ಪೆಪ್ಪರ್‌ಮಿಂಟ್ ಸಿಗಡಿ, ಉದ್ದ ಮೂತಿಯ ಕಾಪರ್‌ಬ್ಯಾಂಡ್ ಚಿಟ್ಟೆಮೀನು ಇದನ್ನು ತಿನ್ನುತ್ತವೆ. ಬರ್ಗಿಯಾ ಎಂಬ ಕಡಲ ಗೊಂಡೆಹುಳುವಿಗಂತೂ ಇದರ ಹೊರತು ಬೇರೆ ಊಟವೇ ಇಲ್ಲ, ಏಪ್ಟೇಸಿಯಾ ಮುಗಿದ ದಿನ ಅದೂ ಉಪವಾಸ ಬಿದ್ದು ಸಾಯುತ್ತದೆ.

ಆದರೆ ಇದೇ ಪೀಡೆಯನ್ನು ಅಮೆರಿಕದಲ್ಲಿ, ಸೌದಿ ಅರೇಬಿಯಾದಲ್ಲಿ ಪ್ರಯೋಗಾಲಯಗಳು ಬೇಕೆಂದು ಬೆಳೆಸುತ್ತವೆ. ಹವಳದ ಹಾಗೆಯೇ ಇದರ ಮೈಯೊಳಗೂ ಸೂಕ್ಷ್ಮ ಪಾಚಿಕೋಶಗಳು ವಾಸಿಸುತ್ತವೆ. ಹವಳ ನಿಧಾನವಾಗಿ ಬೆಳೆಯುತ್ತದೆ, ಸುಣ್ಣದ ಎಲುಬು ಅಧ್ಯಯನಕ್ಕೆ ಅಡ್ಡ ಬರುತ್ತದೆ. ಏಪ್ಟೇಸಿಯಾಗೆ ಎಲುಬಿಲ್ಲ, ಬೇಗ ಬೆಳೆಯುತ್ತದೆ, ಅದರೊಳಗಿನ ಪಾಚಿಯನ್ನು ಹೊರಹಾಕಿ ಮತ್ತೆ ಸೇರಿಸಬಹುದು. 2015ರಲ್ಲಿ ಅದರ ಜೀನೋಮ್ ಪೂರ್ತಿ ಓದಿ ಪ್ರಕಟಿಸಿದರು. ನೀರು ಬಿಸಿಯೇರಿದಾಗ ಹವಳ ತನ್ನ ಪಾಚಿಯನ್ನು ಯಾಕೆ ಹೊರದಬ್ಬಿ ಬಿಳಿಚುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದು ದೊಡ್ಡ ನೆರವು. ನಮ್ಮ ಕರಾವಳಿಯಾಚೆಗಿನ ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹವಳಗಳು ಬಿಳಿಚಿ ಸತ್ತದ್ದನ್ನು ನೆನೆದರೆ ಈ ಪ್ರಶ್ನೆ ನಮಗೆ ದೂರದ್ದಲ್ಲ ಎಂದು ತಿಳಿಯುತ್ತದೆ.

ಈಗ ಗ್ರಾಟ್ಸ್‌ನ ಪ್ರಾಣಿಯ ವಿಷಯ. ಶುಲ್ಟ್ಸೆ ಹೆಸರಿಟ್ಟ ಮೇಲೆ 1907ರಲ್ಲಿ ಥಿಲೋ ಕ್ರುಂಬಾಕ್ ಎಂಬ ಇನ್ನೊಬ್ಬ ವಿಜ್ಞಾನಿ ಅದೇ ಬಗೆಯ ತೊಟ್ಟಿಯಲ್ಲಿ ಟ್ರೈಕೋಪ್ಲಾಕ್ಸ್ ಜೊತೆಗೆ ಎಲ್ಯೂಥೇರಿಯಾ ಎಂಬ ತೆವಳುವ ಪುಟ್ಟ ಅಂಬಲಿಮೀನನ್ನೂ ಕಂಡರು. ಇದು ಬೇರೆ ಪ್ರಾಣಿಯೇ ಅಲ್ಲ, ಆ ಅಂಬಲಿಮೀನಿನ ಮರಿ ಎಂದುಬಿಟ್ಟರು. ಒಂದೇ ತೊಟ್ಟಿಯಲ್ಲಿ ಇದ್ದುದರಿಂದ ತಾಯಿ ಮಕ್ಕಳೆಂದು ಎಣಿಸಿದ್ದು. ಪುಸ್ತಕಗಳು ಅದನ್ನೇ ನಂಬಿದವು, ಅರ್ಧ ಶತಮಾನ ಯಾರೂ ಅದರ ಗೊಡವೆಗೆ ಹೋಗಲಿಲ್ಲ. 1960ರ ದಶಕದ ಕೊನೆಗೆ ಜರ್ಮನಿಯ ಕಾರ್ಲ್ ಗ್ರೆಲ್ ಕೆಂಪು ಸಮುದ್ರದ ಪಾಚಿಯೊಂದರ ಜೊತೆ ಬಂದ ಟ್ರೈಕೋಪ್ಲಾಕ್ಸ್ ಅನ್ನು ಸಾಕಿ, ಬೆಳೆಸಿ, ಇದು ಯಾರ ಮರಿಯೂ ಅಲ್ಲ ಎಂದು ತೋರಿಸಿದರು. 1971ರಲ್ಲಿ ಅದಕ್ಕಾಗಿ ಪ್ಲಾಕೋಜೋವಾ ಎಂಬ ಹೊಸ ವಂಶವನ್ನೇ ತೆರೆಯಬೇಕಾಯಿತು. ಬೆನ್ನೆಲುಬಿನ ಪ್ರಾಣಿಗಳದು ಒಂದು ವಂಶ, ಕೀಟ ಏಡಿಗಳದು ಒಂದು ವಂಶ ಎಂದು ಎಣಿಸುವ ಪಟ್ಟಿಯಲ್ಲಿ ಈ ತಲೆಯಿಲ್ಲದ ಪದರಕ್ಕೂ ಸರಿಸಮನಾದ ಒಂದು ಸಾಲು. 2008ರಲ್ಲಿ ಅದರ ಜೀನೋಮ್ ಓದಿದಾಗ ನರಗಳೇ ಇಲ್ಲದ ಆ ಜೀವಿಯಲ್ಲಿ ನರಮಂಡಲದ ಕೆಲಸಕ್ಕೆ ಬೇಕಾಗುವ ಹಲವು ಜೀನ್‌ಗಳು ಸಿಕ್ಕಿದವು. ಬೆಚ್ಚಗಿನ ಕಡಲ ನೀರಿನ ಟ್ಯಾಂಕ್‌ಗಳ ಗಾಜಿನ ಮೇಲೆ ಇದು ಈಗಲೂ ಸಿಗುತ್ತದೆ. ಕೊಳೆ ಎಂದು ಒರೆಸಿ ಹಾಕುವ ಮುನ್ನ ಒಮ್ಮೆ ಭೂತಗನ್ನಡಿ ಹಿಡಿದು ನೋಡಬಹುದು.

ಟ್ಯಾಂಕ್ ಸಾಕುವವರು ವಿಜ್ಞಾನಕ್ಕಿಂತ ಮುಂದೆ ಹೋದ ಉದಾಹರಣೆಯೂ ಇದೆ. ಅಕ್ರೊಪೊರಾ ಹವಳ ಬೆಳೆಸುವವರಿಗೆ ತಮ್ಮ ಹವಳದ ಮೇಲೆ ಗುಂಡಗಿನ ಬಿಳಿ ಕಚ್ಚುಗುರುತು ಕಾಣತೊಡಗಿತು. ಬೇಸತ್ತು ಹವಳವನ್ನು ಔಷಧದ ನೀರಿನಲ್ಲಿ ಅದ್ದಿ ಅಲುಗಿಸಿದರೆ ಹವಳದ್ದೇ ಬಣ್ಣದ ಚಪ್ಪಟೆ ಹುಳುಗಳು ಉದುರಿದವು. ಕಣ್ಣೆದುರೇ ಇದ್ದರೂ ಕಾಣದಷ್ಟು ವೇಷ. ಅವರು ಅದರ ಮೊಟ್ಟೆ ಗುರುತಿಸಿದರು, ಉಪಚಾರ ಕಂಡುಕೊಂಡರು, ಆದರೆ ಅದಕ್ಕೆ ವೈಜ್ಞಾನಿಕ ಹೆಸರೇ ಇರಲಿಲ್ಲ. 2011ರಲ್ಲಿ ಕೇಟ್ ರಾಲಿನ್ಸನ್ ಮತ್ತು ಸಂಗಡಿಗರು ಅದನ್ನು ಅಮಕುಸಪ್ಲಾನಾ ಅಕ್ರೊಪೊರೇ ಎಂದು ವರ್ಣಿಸಿದರು. ಆ ಸಂಗಡಿಗರಲ್ಲಿ ಅಕ್ವೇರಿಯಂ ಹವಳಗಳ ಬಗ್ಗೆ ಪುಸ್ತಕ ಬರೆದ ಎರಿಕ್ ಬೋರ್ನೆಮನ್ ಕೂಡ ಇದ್ದರು. ಕಡಲಿನಲ್ಲಿ ಅದು ಮೊದಲ ಬಾರಿಗೆ ಸಿಕ್ಕಿದ ವರದಿ ಬಂದದ್ದು 2012ರಲ್ಲಿ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಿಂದ. ಮೊದಲು ಮನೆಯ ಟ್ಯಾಂಕ್, ಆಮೇಲೆ ಕಡಲು.

ಹಾಗಾಗಿ ಕಂಡದ್ದನ್ನು ಬರೆದಿಡುವ ಅಭ್ಯಾಸ ಬಹಳ ಮುಖ್ಯ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೇಲಿನಿಂದಲೂ ಬದಿಯಿಂದಲೂ ಫೋಟೊ ತೆಗೆಯಿರಿ. ಮೈಯಲ್ಲಿ ಉಂಗುರಗಳಿವೆಯೇ, ಕಾಲಿವೆಯೇ, ಚಿಪ್ಪಿದೆಯೇ, ತೆವಳುತ್ತದೆಯೇ ಈಜುತ್ತದೆಯೇ ಎಂದು ಗಮನಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಏನು ತಿನ್ನುತ್ತಿದೆ ಎಂದು ನಿಮ್ಮ ಕಣ್ಣಿಂದಲೇ ನೋಡಿರಿ. ಹವಳದ ಮೇಲೆ ಕೂತಿರುವುದು ಬೇರೆ, ಹವಳ ತಿನ್ನುವುದು ಬೇರೆ. ಏಡಿಗಳ ವಿಷಯದಲ್ಲಿ ಇದು ಇನ್ನೂ ಸತ್ಯ. ಪೊಸಿಲ್ಲೊಪೊರಾ ಹವಳದ ಕೊಂಬೆಗಳ ನಡುವೆ ಅಡಗಿರುವ ನುಣುಪು ಮೈಯ ಟ್ರಪೀಜಿಯಾ ಬಳಗದ ಏಡಿಯನ್ನು ಹೊಸಬರು ಕೆದಕಿ ತೆಗೆಯುತ್ತಾರೆ. ಆ ಏಡಿ ಹವಳದ ಲೋಳೆ ತಿಂದು, ಪ್ರತಿಯಾಗಿ ಹವಳ ತಿನ್ನಲು ಬರುವ ನಕ್ಷತ್ರಮೀನನ್ನು ಚಿವುಟಿ ಓಡಿಸುವ ಕಾವಲುಗಾರ. ರೋಮ ತುಂಬಿದ, ಕೊಂಡಿಯ ತುದಿ ಕಪ್ಪಾದ ಏಡಿಗಳ ಮೇಲೆ ಮಾತ್ರ ಒಂದು ಕಣ್ಣಿರಲಿ.

ಒಂದು ವಿಷಯದಲ್ಲಿ ಮಾತ್ರ ನಿಧಾನ ಸಲ್ಲದು, ಮೊದಲೇ ಎಚ್ಚರ ಬೇಕು. ಬಟನ್‌ಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುವ ಜೋಆಂಥಿಡ್ ಮತ್ತು ಪಾಲಿಥೋವಾ ಕಲ್ಲಿನ ಜೊತೆ ತಾವಾಗಿ ಬರುತ್ತವೆ, ದುಡ್ಡು ಕೊಟ್ಟು ಕೊಳ್ಳುವವರೂ ಇದ್ದಾರೆ. ಕೆಲವು ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. ಹವಾಯಿಯಲ್ಲಿ ರಿಚರ್ಡ್ ಮೂರ್ ಮತ್ತು ಪಾಲ್ ಶೋಯರ್ 1971ರಲ್ಲಿ ಇದನ್ನು ಬೇರ್ಪಡಿಸಿದರು. ಪ್ರಕೃತಿಯಲ್ಲಿ ಸಿಗುವ ಅತ್ಯಂತ ಪ್ರಬಲ ವಿಷಗಳಲ್ಲಿ ಇದೂ ಒಂದು. ಬೇಡದ ಪ್ರಾಣಿಗಳು ಸಾಯಲಿ ಎಂದು ಕಲ್ಲನ್ನು ಕುದಿಯುವ ನೀರಿಗೆ ಹಾಕುವ ಸಲಹೆ ಕೊಡುವವರಿದ್ದಾರೆ. ಎಂದೂ ಹಾಗೆ ಮಾಡಬೇಡಿ. ಹಬೆಯ ಜೊತೆ ವಿಷ ಉಸಿರಿಗೆ ಹೋಗುತ್ತದೆ, ಕುದಿಸಿದರೆ ಅದು ನಾಶವಾಗುವುದೂ ಇಲ್ಲ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಕಲ್ಲಿನ ಮೇಲಿನ ಹವಳ ಕೆರೆದು ತೊಳೆದ ಮನೆಯವರೂ ನೆರವಿಗೆ ಬಂದ ಅಗ್ನಿಶಾಮಕದವರೂ ಆಸ್ಪತ್ರೆ ಸೇರಬೇಕಾಯಿತು. ಅಲಾಸ್ಕಾದ ಮನೆ, ಅಂಗಡಿಗಳಲ್ಲಿ ನಡೆದ ಇಂಥವೇ ಘಟನೆಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ದಾಖಲಿಸಿತು. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಒಣಬ್ರಷ್ಷಿನಿಂದ ಕೆರೆಯಬೇಡಿ, ಕೈಯಲ್ಲಿ ಗಾಯವಿದ್ದರೆ ಆ ದಿನ ಟ್ಯಾಂಕ್ ಮುಟ್ಟಬೇಡಿ.

ನಮ್ಮ ದೇಶದ ಕಾನೂನನ್ನೂ ಹೇಳಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಎಲ್ಲ ದಿಬ್ಬ ಕಟ್ಟುವ ಹವಳಗಳನ್ನೂ, ಕಡಲ ಬೀಸಣಿಗೆಯಂಥ ಜೀವಿಗಳನ್ನೂ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗುವವರು ನೆನಪಿಗೆಂದು ಒಂದು ತುಂಡು ಹವಳದ ಕಲ್ಲು ಎತ್ತಿಕೊಂಡು ಬಂದರೂ ಅಪರಾಧ. ಇಲ್ಲಿ ಟ್ಯಾಂಕ್ ಇಡುವವರಿಗೆ ಒಣಕಲ್ಲು, ಸೆರಾಮಿಕ್ ಕಲ್ಲು ಸಿಗುತ್ತವೆ. ಬ್ಯಾಕ್ಟೀರಿಯಾ ಅದರ ಮೇಲೆಯೂ ಕೂರುತ್ತದೆ, ತಿಂಗಳುಗಳು ಹಿಡಿಯುತ್ತದೆ ಅಷ್ಟೇ. ಹಾಗೆಂದು ಹಿಚ್‌ಹೈಕರ್ ಬರುವುದು ನಿಲ್ಲುವುದಿಲ್ಲ. ಟ್ಯಾಂಕಿನಿಂದ ಟ್ಯಾಂಕಿಗೆ ಕೈಬದಲಾಗುವ ಹವಳದ ಸಣ್ಣ ತುಂಡುಗಳ ತಳದಲ್ಲಿ ಅವು ಕೂತಿರುತ್ತವೆ. ಹೊಸ ತುಂಡನ್ನು ಕೆಲವು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಬಂದ ದಾರಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಹೋಗುವ ದಾರಿ. 1984ರಲ್ಲಿ ಮೊನಾಕೊದ ಸಮುದ್ರ ಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಸುಮಾರು ಒಂದು ಚದರ ಮೀಟರ್ ಕಾಲರ್ಪಾ ಟ್ಯಾಕ್ಸಿಫೋಲಿಯಾ ಕಾಣಿಸಿತು. ಅಕ್ವೇರಿಯಂಗಳಿಗೆಂದು ಬೆಳೆಸುತ್ತಿದ್ದ ಚೆಂದದ ಹಸಿರು ಪಾಚಿ ಅದು. ಅಲೆಕ್ಸಾಂಡರ್ ಮೈನೆಜ್ ಎಂಬ ಜೀವವಿಜ್ಞಾನಿ ಕೂಗಿ ಕೂಗಿ ಹೇಳಿದರೂ ಅಧಿಕಾರಿಗಳು ವರ್ಷಗಟ್ಟಲೆ ಕೈಕಟ್ಟಿ ಕೂತರು, ಅದು ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರೊಂದರಲ್ಲಿ ಅದೇ ಪಾಚಿ ಕಂಡಾಗ ತಕ್ಷಣ ಟಾರ್ಪಾಲು ಮುಚ್ಚಿ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಲು 2006 ಬಂತು, ಖರ್ಚು 70 ಲಕ್ಷ ಡಾಲರ್ ದಾಟಿತು. ನಮ್ಮಲ್ಲಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಕೃಷಿಗೆಂದು ತಂದ ಕಪ್ಪಾಫೈಕಸ್ ಪಾಚಿ ಹಬ್ಬಿದ್ದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಸಿಹಿನೀರಿನ ಟ್ಯಾಂಕಿನಿಂದ ಕೆರೆಗೆ ಬಿಟ್ಟ ಸಕ್ಕರ್ ಮೀನು ಇವತ್ತು ಕರ್ನಾಟಕದ ಕೆರೆಗಳಲ್ಲಿ ಬಲೆ ಹರಿಯುತ್ತಿರುವುದು ಮೀನುಗಾರರಿಗೆಲ್ಲ ಗೊತ್ತು.

ಆದ್ದರಿಂದ ಟ್ಯಾಂಕ್ ಇರುವ ಪ್ರತಿಯೊಬ್ಬರಲ್ಲೂ ಒಂದು ವಿನಂತಿ. ಬೇಡವಾದ ಹುಳು, ಏಡಿ, ಪಾಚಿ, ಕಲ್ಲು ಯಾವುದನ್ನೂ ಕಡಲಿಗೋ ನದಿಗೋ ಮೋರಿಗೋ ಬಿಡಬೇಡಿ. ಸಾಕುವವರು ಸಿಕ್ಕರೆ ಅವರಿಗೆ ಕೊಡಿ. ಟ್ಯಾಂಕ್ ಮುಚ್ಚುವುದಾದರೆ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಬಿಟ್ಟು ಚೆಲ್ಲಿ, ಕಲ್ಲನ್ನು ಮಕ್ಕಳ ಕೈಗೆ ಸಿಗದ ಕಡೆ ವಾರಗಟ್ಟಲೆ ಬಿಸಿಲಿಗೆ ಒಣಗಿಸಿ. ಗುರುತು ಸಿಗದ ಪ್ರಾಣಿಯ ಫೋಟೊ ಮತ್ತು ಅಳತೆಯನ್ನು ಹತ್ತಿರದ ಮೀನುಗಾರಿಕೆ ಕಾಲೇಜಿಗೋ ಕಡಲಜೀವಿ ಓದುವ ಯಾರಿಗಾದರೂ ಕಳುಹಿಸಿ, ಉತ್ತರ ಬರುವವರೆಗೆ ಅದನ್ನು ಜೀವಂತ ಇಟ್ಟುಕೊಳ್ಳಿ.